ಮೈಲುತುತ್ತು, ಊಟದ ತುತ್ತು

ಮಂಗಳವಾರ, ಜುಲೈ 22, 2025

ಅಡ್ಯನಡ್ಕ ದಾಟಿ ಸಾರಡ್ಕ ಬಂದ ಕೂಡಲೇ ಮೊಬೈಲು ಒಮ್ಮೆ ಕುಯ್ ಅನ್ನುತ್ತದೆ. ಕೇರಳಕ್ಕೆ ಸ್ವಾಗತ ಅಂತ ಮೆಸೇಜು. ಅಷ್ಟು ಬಿಟ್ಟರೆ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಆಚೆಗೂ ಅಡಿಕೆ ತೋಟ, ಈಚೆಗೂ ಅಡಿಕೆ ತೋಟ. ಮಳೆಯೂ ಎರಡೂ ಕಡೆ ಒಂದೇ ಹದ. ಬೋರ್ಡುಗಳಲ್ಲಿ ಮಾತ್ರ ಮಲಯಾಳ ಮೇಲೆ ಹತ್ತಿ ಕನ್ನಡ ಕೆಳಗಿಳಿಯುತ್ತದೆ.

ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿದ್ದೆ. ಪುತ್ತೂರಿನಲ್ಲಿ ಇಳಿಯುವ ಗಡಿಬಿಡಿಯಲ್ಲಿ ಕೊಡೆ ಬಸ್ಸಿನಲ್ಲೇ ಉಳಿಯಿತು. ಆಟಿ ತಿಂಗಳಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ಕೊಡೆ ಇಲ್ಲದೆ ಕಾಸರಗೋಡಿಗೆ ಹೊರಟವರನ್ನು ಏನಂತ ಕರೆಯಬೇಕೋ ಗೊತ್ತಿಲ್ಲ. ಪೆರ್ಲದಲ್ಲಿ ಇಳಿದು ಎದುರಿನ ಅಂಗಡಿಯಲ್ಲಿ ಮುನ್ನೂರ ಐವತ್ತು ಕೊಟ್ಟು ಹೊಸದೊಂದು ತೆಗೆದುಕೊಂಡೆ. ಮನೆ ಮುಟ್ಟುವುದರೊಳಗೆ ಅದರ ಒಂದು ಕಡ್ಡಿ ಮುರಿದಿತ್ತು.

ಇದು ಅಪ್ಪನ ಅಕ್ಕನ ಮನೆ. ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನ ಒಂದು ಗುಡ್ಡದ ಬುಡದಲ್ಲಿ. ಅತ್ತೆ ಫೋನಿನಲ್ಲಿ ಕರೆದದ್ದು ಆಟಿ ಅಮಾವಾಸ್ಯೆಗೆ. "ಕಷಾಯ ಕುಡಿಯದೆ ಎಷ್ಟು ವರ್ಷ ಆಯ್ತು ನೀನು?" ಅಂತ. ನನಗೆ ಬೇರೆಯೂ ಒಂದು ಆಸೆ ಇತ್ತು. ಮಳೆಗಾಲ ಹದ ತಪ್ಪಿದೆ ಅಂತ ಎಲ್ಲರೂ ಹೇಳುತ್ತಾರೆ. ಒಂದು ಎಕ್ರೆ, ಅರ್ಧ ಎಕ್ರೆ ಇರುವ ಮನೆಗಳಲ್ಲಿ ಅದರಿಂದ ಬಟ್ಟಲಿಗೆ ಏನಾಯಿತು ಅಂತ ಕೂತು ನೋಡಬೇಕಿತ್ತು. ಬೆಳೆಗೆ ಏನಾಯಿತು ಅಂತ ಕೇಳುವವರು ಬೇಕಾದಷ್ಟು ಇದ್ದಾರೆ, ಅಲ್ವಾ?

ಜಗಲಿಯಲ್ಲಿ ಭಾವ ಆಕಾಶ ನೋಡುತ್ತಾ ಕೂತಿದ್ದರು. ಬಂದೆಯಾ ಅಂತ ಕೇಳುವ ಮೊದಲೇ, "ಪುತ್ತೂರಲ್ಲಿ ಬಿಸಿಲು ಉಂಟಾ?" ಅಂದರು. ಇಲ್ಲ ಅಂದೆ. ಮುಖ ಮತ್ತಷ್ಟು ಸಣ್ಣದಾಯಿತು.

ಸಂಗತಿ ಇಷ್ಟೇ. ಭಾವನಿಗೆ ಒಂದೂಕಾಲು ಎಕ್ರೆ ತೋಟ, ಆರುನೂರ ಚಿಲ್ಲರೆ ಅಡಿಕೆ ಮರ. ಕೊಳೆರೋಗ ಬರಬಾರದು ಅಂದರೆ ಮಳೆ ಹಿಡಿಯುವ ಮೊದಲು ಒಮ್ಮೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು, 40-45 ದಿನ ಬಿಟ್ಟು ಇನ್ನೊಮ್ಮೆ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಈ ವರ್ಷ ಮೇ 24ಕ್ಕೇ ಬಂತು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಅದಕ್ಕೂ ನಾಲ್ಕು ದಿನ ಮೊದಲೇ ಇಲ್ಲಿ ಮಳೆ ಶುರುವಾಗಿತ್ತಂತೆ. ಮೊದಲ ಸುತ್ತಿನ ಮದ್ದು ಅರ್ಧ ತೋಟಕ್ಕೆ ಸಿಕ್ಕಿತು. ಎರಡನೇ ಸುತ್ತು ಜುಲೈ ಮೊದಲ ವಾರ ಆಗಬೇಕಿತ್ತು. ಇನ್ನೂ ಆಗಿಲ್ಲ. ಒಂದು ದಿನ, ಒಂದೇ ಒಂದು ದಿನ ಮಳೆ ಬಿಟ್ಟರೆ ಸಾಕು.

ಕೊಳೆ ಹೇಗಿರುತ್ತದೆ ಅಂತ ನೋಡಲು ತೋಟಕ್ಕಿಳಿಯಬೇಕಾಗಿಲ್ಲ, ಕೇಳಿಸುತ್ತದೆ. ತಪ್, ತಪ್. ಎಳೆ ಕಾಯಿಯ ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಡು ಹಸಿರು ಕಲೆ ಏಳುತ್ತದೆ, ಆಮೇಲೆ ಬಿಳಿ ಬೂಷ್ಟು, ಆಮೇಲೆ ಈ ಸದ್ದು. ರಾತ್ರಿ ಮಲಗಿದಾಗ ಮಳೆಯ ಸದ್ದಿನ ನಡುವೆಯೂ ಅದು ಬೇರೆಯಾಗಿ ಕೇಳಿತು. ಭಾವ ಅದನ್ನು ಎಣಿಸುತ್ತಾರೆ ಅಂತ ಅತ್ತೆ ಹೇಳಿದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಉಪ್ಪುಸೊಳೆ ರೊಟ್ಟಿ. ಹಲಸಿನ ಬಲಿತ ಕಾಯಿಯ ಸೊಳೆ ಬಿಡಿಸಿ, ಉಪ್ಪು ಬೆರೆಸಿ ಭರಣಿಯಲ್ಲಿ ಹಾಕಿ, ಮೇಲೆ ಕಲ್ಲು ಹೇರಿ ಇಟ್ಟದ್ದು. ಬೇಕಾದಾಗ ತೆಗೆದು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಅಕ್ಕಿ ಜೊತೆ ರುಬ್ಬಿ ಕಾವಲಿಗೆ ತಟ್ಟುವುದು. ತೆಂಗಿನೆಣ್ಣೆ ಹಾಕಿ ತಿಂದರೆ ಬೇರೇನೂ ಬೇಡ. ತುಳುವರು ಈ ಉಪ್ಪುಸೊಳೆಗೆ ಉಪ್ಪಡ್ ಪಚ್ಚಿಲ್ ಅನ್ನುತ್ತಾರೆ. ಮಲಯಾಳಿಗಳಿಗೆ ಇದೇ ತಿಂಗಳು ಕರ್ಕಿಡಕ, ಬಡತನದ ಕರ್ಕಿಡಕ ಅಂತಲೇ ಅವರ ಮಾತು. ಅಂದರೆ ಇಲ್ಲಿನ ಎಲ್ಲ ಭಾಷೆಯವರಿಗೂ ಇದು ಹಸಿವಿನ ತಿಂಗಳು ಅಂತ ಮೊದಲೇ ಗೊತ್ತಿತ್ತು. ಗೊತ್ತಿದ್ದ ಕಾರಣಕ್ಕೇ ಭರಣಿ ತುಂಬುತ್ತಿದ್ದರು.

ಊಟ ಆದ ಮೇಲೆ ಅತ್ತೆ ಅಟ್ಟಕ್ಕೆ ಕರೆದುಕೊಂಡು ಹೋದರು. ಚಿಕ್ಕಂದಿನಲ್ಲಿ ನಾನು ಕದ್ದು ಹತ್ತುತ್ತಿದ್ದ ಅಟ್ಟ. ಮಾಡಿನ ಪಕ್ಕಾಸಿಗೆ ಸಾಲಾಗಿ ಬಾಳೆನಾರಿನ ಕುಣಿಕೆಗಳು. ಫೆಬ್ರವರಿ, ಮಾರ್ಚಿನಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಕಾಯಿಯನ್ನು ಒಂದೊಂದೇ ನಾರಿನಲ್ಲಿ ಸುತ್ತಿ ಇಲ್ಲಿ ತೂಗುಹಾಕಿದರೆ ಮಳೆಗಾಲ ಪೂರ್ತಿ ಕೊಳೆಯದೆ ಉಳಿಯುತ್ತದೆ. ಕುಂಬಳಕಾಯಿಯೂ ಹಾಗೆ. ನಾನು ಕುಣಿಕೆ ಎಣಿಸಿದೆ, ಮೂವತ್ತೆಂಟು. ಸೌತೆ ಇದ್ದದ್ದು ನಾಲ್ಕು. ಉಳಿದ ಕುಣಿಕೆಗಳು ಗಾಳಿಗೆ ಸುಮ್ನೆ ಆಡುತ್ತಿದ್ದವು. ಮೂಲೆಯಲ್ಲಿ ಮಣ್ಣು ಮೆತ್ತಿ ಇಟ್ಟ ಹಲಸಿನ ಬೇಳೆ ಒಂದು ಬುಟ್ಟಿ.

"ಮಾರ್ಚಿಯಲ್ಲಿ ನೀರಿಲ್ಲ, ಬಳ್ಳಿ ಒಣಗಿತು. ಮೇ ತಿಂಗಳಲ್ಲಿ ಬಿಸಿಲಿಲ್ಲ, ಹಪ್ಪಳ ಒಣಗಲಿಲ್ಲ" ಅಂದರು ಅತ್ತೆ. ವರ್ಷಕ್ಕೆ ಸಾವಿರ ಹಲಸಿನ ಹಪ್ಪಳ ತಟ್ಟುವವರು ಈ ಸಲ ನಾನೂರಕ್ಕೆ ನಿಲ್ಲಿಸಿದ್ದಾರೆ. ಸಾಂತಾಣಿ, ಅಂದರೆ ಹಲಸಿನ ಬೇಳೆ ಉಪ್ಪುನೀರಲ್ಲಿ ಬೇಯಿಸಿ ಒಣಗಿಸುವುದು, ಅದೂ ಬೂಷ್ಟು ಹಿಡಿದು ದನಕ್ಕೆ ಹೋಯಿತಂತೆ. ಮನೆಯಲ್ಲಿ ಇರುವುದು ಒಂದು ಗಿಡ್ಡ ತಳಿಯ ದನ, ಅದಕ್ಕೇ ಈ ವರ್ಷ ಯೋಗ.

ಬುಧವಾರ, ಜುಲೈ 23

ಬೆಳಿಗ್ಗೆ ಮಳೆ. ಭಾವ ಆಕಾಶ ನೋಡಿದರು, ನಾನು ಭಾವನನ್ನು ನೋಡಿದೆ.

ಹನ್ನೊಂದರ ಹೊತ್ತಿಗೆ ಸ್ವಲ್ಪ ಕಡಿಮೆಯಾಯಿತು ಅಂತ ಸುರಂಗ ನೋಡಲು ಹೋದೆವು. ಮನೆಯ ಹಿಂದಿನ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಎರಡೂವರೆ ಅಡಿ ಅಗಲ, ಒಬ್ಬ ಆಳು ನಿಲ್ಲುವಷ್ಟು ಎತ್ತರ. ಬಾವಿ ಕೆಳಕ್ಕೆ ಇಳಿಯುತ್ತದೆ, ಸುರಂಗ ಗುಡ್ಡದ ಹೊಟ್ಟೆಗೆ ನಡೆದು ಹೋಗುತ್ತದೆ. ಒಳಗೆ ಜಿನುಗುವ ನೀರು ತಾನೇ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪಡ್ರೆ, ಶೇಣಿ ಕಡೆ ಮನೆಗೆ ಎರಡು ಮೂರು ಇದ್ದ ಕಾಲವಿತ್ತು. ಅಗೆಯುವಾಗ ಒಳಗೆ ಮೊಂಬತ್ತಿ ಹಚ್ಚಿ ಇಟ್ಟುಕೊಳ್ಳುತ್ತಿದ್ದರಂತೆ. ಅದು ನಂದಿದರೆ ಉಸಿರಿಗೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಓಡಬೇಕು. ನಾನು ಟಾರ್ಚು ಹಿಡಿದು ಇಪ್ಪತ್ತು ಹೆಜ್ಜೆ ಹೋದೆ. ಹಿಮ್ಮಡಿ ಮುಳುಗುವಷ್ಟು ತಣ್ಣನೆ ನೀರು, ತಲೆಯ ಮೇಲೆ ಬಾವಲಿ. ಇಪ್ಪತ್ತೊಂದನೇ ಹೆಜ್ಜೆ ಇಡಲಿಲ್ಲ.

ಈಗ ಧೋ ಅಂತ ಬೀಳುವ ಈ ನೀರು ಏಪ್ರಿಲ್‌ನಲ್ಲಿ ಬೆರಳು ದಪ್ಪ ಇರುತ್ತದೆ. ಕೇರಳದ 44 ನದಿಗಳಲ್ಲಿ 12 ಇರುವ ಜಿಲ್ಲೆ ಇದು. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ. ಆದರೂ ಬೇಸಿಗೆಯಲ್ಲಿ ಟ್ಯಾಂಕರು ಬರುತ್ತದೆ. ಮುರಕಲ್ಲಿನ ನೆಲ ತೂತಿನ ಪಾತ್ರೆಯ ಹಾಗೆ, ಸುರಿದದ್ದು ಬೇಗ ಇಳಿದು ಕಡಲಿಗೆ ಹೋಗುತ್ತದೆ. ಮೂರು ತಿಂಗಳಲ್ಲಿ ನಿಧಾನ ಬೀಳಬೇಕಾದ ಮಳೆ ಕೆಲವೇ ದಿನಗಳಲ್ಲಿ ಬಡಿದು ಹೋದರೆ ಗುಡ್ಡ ಕುಡಿಯುವುದು ಯಾವಾಗ? ಮೊದಲು ಮಳೆಗಾಲ ಮುಗಿದ ಮೇಲೆ ತೋಡುಗಳಿಗೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಊರವರೆಲ್ಲ ಸೇರಿ ಮಾಡುವ ಕೆಲಸ, ಮರುವರ್ಷ ನೆರೆಗೆ ಕೊಚ್ಚಿ ಹೋಗುವ ಕಟ್ಟ. ಕೊಳವೆಬಾವಿ ಬಂದ ಮೇಲೆ ಅದು ತಪ್ಪಿತು. ಪಡ್ರೆಯಲ್ಲಿ ಮತ್ತೆ ಕಟ್ಟಲು ಶುರು ಮಾಡಿದ್ದಾರೆ. ಪತ್ರಕರ್ತ ಶ್ರೀಪಡ್ರೆಯವರು ನೀರು, ಹಲಸು ಅಂತ ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದಾರಲ್ಲ, ಅವರ ಊರು ಅದು.

ಮಧ್ಯಾಹ್ನದ ಮೇಲೆ ತೋಡಿನ ಆಚೆಗಿನ ನೆರೆಮನೆಯ ಅಕ್ಕನಲ್ಲಿಗೆ ಹೋದೆ. ಅವರು ತುಳು ಮಾತಾಡುವವರು, ನನ್ನ ಜೊತೆ ಕನ್ನಡ, ಮೊಮ್ಮಗಳ ಜೊತೆ ಮಲಯಾಳ. ಈ ಬೈಲಿನಲ್ಲಿ ಗದ್ದೆ ಉಳಿಸಿಕೊಂಡಿರುವುದು ಅವರೊಬ್ಬರೇ. 40 ಸೆಂಟ್ಸ್. ಸುತ್ತ ಮೂರೂ ಕಡೆ ಅಡಿಕೆ ಎದ್ದು ನಿಂತಿದೆ, ನಡುವೆ ಈ ಗದ್ದೆ ಬಾವಿಯ ಹಾಗೆ ಕಾಣುತ್ತದೆ.

ಇಲ್ಲಿಯ ಹಳೆ ಲೆಕ್ಕದಲ್ಲಿ ಗದ್ದೆಗೆ ಮೂರು ಜಾತಿ. ಬೆಟ್ಟು ಅಂದರೆ ಎತ್ತರದ್ದು, ಮಳೆ ನೀರಲ್ಲಿ ಒಂದು ಬೆಳೆ. ಮಜಲು ನಡುವಿನದು, ಎರಡು ಬೆಳೆ. ಬೈಲು ತಗ್ಗಿನದು, ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ ಅಂತ ಮೂರು ಬೆಳೆ. ಅಕ್ಕನದು ಬೈಲು. ಆದರೂ ಈಗ ಏಣೆಲು ಒಂದೇ. ಕೊಳಕೆ ಬಿಟ್ಟು ಹದಿನೈದು ವರ್ಷ ಆಯ್ತಂತೆ. ನೀರಿಲ್ಲ ಅಂತ ಮಾತ್ರವಲ್ಲ, "ಕಾಳೇ ಕೂರುವುದಿಲ್ಲ, ಬರೀ ಜೊಳ್ಳು. ರಾತ್ರಿಯೂ ಸೆಕೆ ಅಲ್ವಾ" ಅಂದರು.

ರಾತ್ರಿ ಸೆಕೆ ಅಂತ ಅವರು ಅಂದದ್ದು ನನ್ನ ಕಿವಿ ನಿಮಿರಿಸಿತು. ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ಕಂಡುಕೊಂಡ ಒಂದು ವಿಷಯ 2004ರಲ್ಲಿ ಪ್ರಕಟವಾಗಿತ್ತು. ಬೇಸಿಗೆ ಬೆಳೆಯಲ್ಲಿ ರಾತ್ರಿಯ ಕನಿಷ್ಠ ತಾಪಮಾನ 1 ಡಿಗ್ರಿ ಏರಿದರೆ ಇಳುವರಿ ಶೇಕಡಾ 10ರಷ್ಟು ಇಳಿಯುತ್ತದೆ ಅಂತ. ಹೂ ಬಿಡುವ ಹೊತ್ತಿಗೆ ಹಗಲು 35 ಡಿಗ್ರಿ ದಾಟಿದರೆ ಪರಾಗ ಸತ್ತು ಕಾಳು ಜೊಳ್ಳಾಗುತ್ತದೆ. ಅಕ್ಕನಿಗೆ ಆ ಸಂಸ್ಥೆಯ ಹೆಸರು ಗೊತ್ತಿಲ್ಲ. ಗೆರಸೆಯಲ್ಲಿ ಕೇರಿದಾಗ ಹಾರಿ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಗೊತ್ತು.

ಏಣೆಲು ಚೆನ್ನಾಗಿ ಬಂದರೆ ಐದು ಜನರ ಮನೆಗೆ ಐದು ತಿಂಗಳ ಕುಚ್ಚಲಕ್ಕಿ ಆಗುತ್ತದೆ. ಚೆನ್ನಾಗಿ ಬರುವುದೇ ಈಗ ಕಷ್ಟ. 2023ರ ಆಗಸ್ಟ್ ನೆನಪುಂಟಾ? 1901ರಿಂದ ಲೆಕ್ಕ ಇಟ್ಟದ್ದರಲ್ಲಿ ದೇಶಕ್ಕೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇನ್ನೊಂದಿಲ್ಲ. ಆ ವರ್ಷ ಆಟಿಯಲ್ಲಿ ಗದ್ದೆ ಬಿರುಕು ಬಿಟ್ಟಿತು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದೆ ಅಂತ ತುಳುವಿನಲ್ಲಿ ಮಾತಿದೆ, ಅಕ್ಕ ಅದನ್ನು ಹೇಳಿ ನಕ್ಕರು. ಮರುವರ್ಷ ತದ್ವಿರುದ್ಧ. ಕೊಯ್ಲಿನ ಹೊತ್ತಿಗೆ ಮಳೆ ಬಿಡಲಿಲ್ಲ, ಪೈರು ಮಲಗಿ ತೆನೆಯಲ್ಲೇ ಮೊಳಕೆ ಬಂತು. ಐದು ತಿಂಗಳ ಅಕ್ಕಿ ಎರಡು ತಿಂಗಳಿಗೆ ಇಳಿಯಿತು.

ತೆನೆಯಲ್ಲೇ ಮೊಳೆಯುವ ಈ ಕಾಟ ಎಲ್ಲ ತಳಿಗೂ ಒಂದೇ ರೀತಿ ಇಲ್ಲ. ಬಲಿತ ಮೇಲೂ ಕೆಲವು ವಾರ ಮೊಳೆಯದೆ ಸುಮ್ಮನಿರುವ ಗುಣ ಕೆಲವು ಹಳೆ ತಳಿಗಳಿಗೆ ಇದೆ. ಎತ್ತರ ಬೆಳೆದು ನೀರು ನಿಂತರೂ ಉಸಿರಾಡುವವು ಕೆಲವು, ನೀರಿಲ್ಲದಿದ್ದರೂ ತಡೆಯುವವು ಕೆಲವು. ಇದೇ ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿಕೊಂಡಿದ್ದಾರೆ. ಅದಕ್ಕೇ 2024ರಲ್ಲಿ ಪದ್ಮಶ್ರೀ ಬಂದದ್ದು. ದೊಡ್ಡ ಜಮೀನ್ದಾರರೇನಲ್ಲ. ಕಾಗದದ ಕಪ್ಪಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿಯೇ ಬೀಜ ಕಾಪಾಡಿದವರು. ಶುರುವಾದದ್ದು ರಾಜಕಯಮೆ ಅನ್ನುವ ತಳಿಯಿಂದ. ಅಕ್ಕನ ಗದ್ದೆಯಲ್ಲಿಯೂ ಈ ಸಲ ಕಯಮೆಯೇ ಇದೆ. ಬೀಜ ಯಾರಿಂದ ಅಂದರೆ "ತವರಿನಿಂದ" ಅಂದರು. ಅಕ್ಕಿ ಮುಡಿಯ ಹಾಗೆ ಬೈಹುಲ್ಲಿನಲ್ಲಿ ಕಟ್ಟಿದ ಪುಟ್ಟ ಬೀಜದ ಮುಡಿ ಈಗಲೂ ಒಲೆಯ ಮೇಲಿನ ಅಟ್ಟದಲ್ಲಿದೆ, ಹೊಗೆಗೆ ಕಪ್ಪಾಗಿ. ಒಂದು ದೊಡ್ಡ ಮುಡಿ ಅಂದರೆ 3 ಕಳಸೆ, 42 ಸೇರು. ಇದು ಒಂದು ಸೇರಿನದು ಇರಬಹುದು.

ಗದ್ದೆ ನಷ್ಟ ಅಲ್ವಾ ಅಂತ ಕೇಳಿದೆ. ಅವರ ಉತ್ತರ: "ಲೆಕ್ಕ ಹಾಕಿದ್ರೆ ಗದ್ದೆ ಮಾಡ್ಲಿಕ್ಕೆ ಆಗುದಿಲ್ಲ. ಅದಕ್ಕೆ ನಾನು ಲೆಕ್ಕ ಹಾಕುದಿಲ್ಲ." ಹೇಳಿ ಒಳಗೆ ಹೋದವರು ಚಹಾದ ಜೊತೆ ಪತ್ರೊಡೆ ತಂದರು.

ಅವರು ಹಾಕದ ಒಂದು ಲೆಕ್ಕ ನಾನು ಮನಸ್ಸಿನಲ್ಲೇ ಹಾಕಿದೆ. ಈ 40 ಸೆಂಟ್ಸ್‌ನಲ್ಲಿ ಜೂನಿನಿಂದ ಅಕ್ಟೋಬರ್ ತನಕ ನೀರು ನಿಂತು ನೆಲಕ್ಕಿಳಿಯುತ್ತದೆ. ಕೆಳಗಿನ ಮೂರು ಮನೆಯ ಬಾವಿಗಳು ಮೇ ತನಕ ಬರುವುದು ಈ ಗದ್ದೆಯಿಂದ. ಆ ಮೂರೂ ಮನೆಯವರದು ಅಡಿಕೆ ತೋಟ. ಕೇರಳದಲ್ಲಿ 1974-75ರಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದ ಭತ್ತ ಈಗ 2 ಲಕ್ಷದ ಆಸುಪಾಸಿಗೆ ಬಂದಿದೆ. ಗದ್ದೆ ತುಂಬಿಸಬಾರದು ಅಂತ 2008ರಲ್ಲಿ ಕಾಯ್ದೆ ಬಂತು. ಕಾಯ್ದೆ ಬರುವಾಗ ಈ ಬೈಲಿನ ಗದ್ದೆಗಳು ಆಗಲೇ ತೋಟವಾಗಿದ್ದವು.

ಗುರುವಾರ, ಜುಲೈ 24

ಆಟಿ ಅಮಾವಾಸ್ಯೆ. ಬೆಳಗಾಗುವ ಮೊದಲು ಭಾವ ಹಾಲೆ ಮರದ ಕೆತ್ತೆ ತಂದಿದ್ದರು. ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಹಿಂದಿನ ಸಂಜೆಯೇ ಹೋಗಿ ಮರಕ್ಕೆ ಗುರುತು ಮಾಡಿ ಬಂದಿದ್ದರು. ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದರೆ ಕಥೆ ಮುಗಿಯಿತು, ಅದು ವಿಷ. ಕಷಾಯಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ. ಕೆಂಪಗೆ ಕಾಯಿಸಿದ ಬೆಣಚುಕಲ್ಲು ಅದಕ್ಕೆ ಹಾಕಿದರೆ ಚುಂಯ್ ಅನ್ನುತ್ತದೆ. ಕಹಿ ಅಂದರೆ ಕಹಿ. ಮೇಲಿಂದ ಮೆಂತೆ ಗಂಜಿ. ಮೈಸೂರಿನಲ್ಲಿ ನಾನು ಇಷ್ಟು ಕಹಿಯನ್ನು ದುಡ್ಡು ಕೊಟ್ಟರೂ ಕುಡಿಯುತ್ತಿರಲಿಲ್ಲ.

ಮಳೆ ಹಾಗೇ ಇತ್ತು. ಭಾವನಿಗೆ ಮನೆಯಲ್ಲಿ ಕೂತು ಸಾಕಾಗಿತ್ತು. ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು, ಮದ್ದು ಬಿಡುವವನ ಮನೆಗೆ. ನಾಳೆಯಾದರೂ ಬಿಸಿಲು ಬಂದರೆ ಮೊದಲು ನಮ್ಮಲ್ಲಿಗೇ ಬರಬೇಕು ಅಂತ ಹೇಳಿ ಬರಲು. ಇಂಥದಕ್ಕೆ ಫೋನು ಸಾಲದು, ಮುಖ ತೋರಿಸಬೇಕು.

ಅವನ ಮನೆ ಗುಡ್ಡದ ತುದಿಯಲ್ಲಿ, 10 ಸೆಂಟ್ಸ್ ಜಾಗ. ಅಂಗಳದ ಅಂಚಿಗೆ ಮರಗೆಣಸು, ಕೆಸು, ಎರಡು ಪಪ್ಪಾಯಿ, ಒಂದು ನುಗ್ಗೆ. ಒಳ್ಳೆ ದಿನ ಎರಡು ಸಾವಿರದ ತನಕ ದುಡಿಯುತ್ತಾನೆ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ. ಹನ್ನೊಂದು ದಿನದಿಂದ ಕೆಲಸ ಇಲ್ಲ. "ಮಳೆ ಬಿಟ್ಟ ದಿನ ಹತ್ತು ಮನೆಯಿಂದ ಫೋನು, ಬಿಡದ ದಿನ ಅಂಗಡಿಯಲ್ಲಿ ಪಟ್ಟಿ" ಅಂದ. ಪಟ್ಟಿ ಅಂದರೆ ಸಾಲದ ಪಟ್ಟಿ. ಮೊದಲೆಲ್ಲ ಆಟಿಯಲ್ಲಿ ಮಳೆಯ ನಡುವೆ ಎರಡು ಮೂರು ದಿನ ಬಿಡುವು ಸಿಗುತ್ತಿತ್ತು, ಅದನ್ನು ಲೆಕ್ಕ ಹಿಡಿದೇ ಸಂಸಾರ ನಡೆಯುತ್ತಿತ್ತು.

ಅವನ ಹೆಂಡತಿ ರೇಷನ್ ಅಂಗಡಿಗೆ ಹೊರಟಿದ್ದರು. ನಾನೂ ಜೊತೆಗೆ ಹೋದೆ. ಗುಲಾಬಿ ಕಾರ್ಡು, ತಲೆಗೆ 5 ಕಿಲೋ. ತೀರಾ ಬಡವರ ಹಳದಿ ಕಾರ್ಡಿಗೆ ಮನೆಗೆ 35 ಕಿಲೋ. ಕೇರಳದಲ್ಲಿ ಆಹಾರ ಭದ್ರತಾ ಕಾಯ್ದೆ ಜಾರಿಗೆ ಬಂದದ್ದು 2016ರ ನವೆಂಬರಿನಲ್ಲಿ. ಅದಿಲ್ಲದಿದ್ದರೆ ಈ ಮನೆಯ ಗತಿ ಏನು ಅಂತ ಯೋಚಿಸಿದೆ. ಅನ್ನಕ್ಕೆ ಇಲ್ಲಿ ತೊಂದರೆ ಇಲ್ಲ, ಅದನ್ನು ಒಪ್ಪಬೇಕು. ಆದರೆ ಆ ಅನ್ನದ ಪಕ್ಕಕ್ಕೆ ಏನು? ದಾರಿಯಲ್ಲಿ ಅವರೇ ಹೇಳಿದರು. ಕೆಲಸ ಇದ್ದ ವಾರ ಮೀನು, ಬೇಳೆ, ಮೊಟ್ಟೆ. ಇಲ್ಲದ ವಾರ ಮೊದಲು ಮೊಟ್ಟೆ ಹೋಗುತ್ತದೆ, ಆಮೇಲೆ ಬೇಳೆ. ಆಮೇಲೆ ಕೆಸುವಿನ ದಂಟಿನ ಸಾರು, ಗಂಜಿ, ಚಟ್ನಿ. ಮಕ್ಕಳಿಗೆ ಶಾಲೆಯ ಊಟ ಉಂಟು, ಮಳೆಗೆ ರಜೆ ಕೊಟ್ಟರೆ ಅದೂ ಇಲ್ಲ. ಈ ವಾರ ಎರಡು ದಿನ ರಜೆ ಆಗಿತ್ತು. ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಅಂದರೆ ನಮಗೆ ಸುದ್ದಿ, ಅವರಿಗೆ ಮಧ್ಯಾಹ್ನದ ಅನ್ನ ಮನೆಯಿಂದಲೇ ಹೋಗುವ ದಿನ.

ಅಂಗಡಿಯಲ್ಲಿ ಯಂತ್ರ ಬೆರಳಚ್ಚು ಹಿಡಿಯಲಿಲ್ಲ. ಮಳೆಗೆ ನೆನೆದ ಬೆರಳು, ಒರೆಸಿ ಒರೆಸಿ ಐದನೇ ಸಲಕ್ಕೆ ಹಿಡಿಯಿತು. ಹಿಂದೆ ನಿಂತಿದ್ದ ಒಬ್ಬ ಅಜ್ಜ ಬೆಳೆ ವಿಮೆಯ ಮಲಯಾಳದ ಅರ್ಜಿ ಹಿಡಿದು ಓದಿ ಹೇಳಿ ಅಂದರು. ನನಗೂ ಬರುವುದಿಲ್ಲ. ಮದ್ದು ಬಿಡುವವನ ಹೆಂಡತಿಯೇ ಓದಿ ಹೇಳಿದರು. ಹವಾಮಾನದ ವಿಮೆಯಲ್ಲಿ ಹಣ ಬರುವುದು ಮಳೆಮಾಪನ ಕೇಂದ್ರದ ಅಂಕಿ ನೋಡಿ, ನಿಮ್ಮ ತೋಟದಲ್ಲಿ ಎಷ್ಟು ಬಿತ್ತು ಅಂತ ನೋಡಿ ಅಲ್ಲ. ಅಜ್ಜನಿಗೆ ಇದು ಅರ್ಥವಾಗಲಿಲ್ಲ. "ಗುಡ್ಡದ ಆಚೆಯ ಮಳೆ ನನ್ನ ಮಳೆ ಹೇಗೆ?" ಅಂದರು. ನನಗೂ ಉತ್ತರ ಹೊಳೆಯಲಿಲ್ಲ.

ಸಂಜೆ ಕುಂಬಳೆಗೆ ಹೋಗಿ ಬಂದೆವು, ಮೀನಿನ ಪೇಟೆ ನೋಡಲು. ಭಾವ ಮೀನು ತಿನ್ನುವವರಲ್ಲ, ಸ್ಕೂಟರಿನ ಹತ್ತಿರವೇ ಮೂಗು ಮುಚ್ಚಿ ನಿಂತರು. ಜುಲೈ 31ರ ತನಕ ಟ್ರಾಲಿಂಗ್ ನಿಷೇಧ, ಹಾಗಾಗಿ ದೋಣಿಯವರ ಮೀನು ಮಾತ್ರ. ಬೂತಾಯಿ ಬಡವರ ಮೀನು ಅಂತ ಹೇಳುವುದು ರೂಢಿ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಬಿದ್ದಿತ್ತು. ಕಡಲು ಬಿಸಿಯಾದರೆ, ಮಳೆ ಏರುಪೇರಾದರೆ ಮೊದಲು ಕಾಣೆಯಾಗುವ ಮೀನು ಅದು. ಮತ್ತೆ ಸಿಗತೊಡಗಿದೆ. ಆದರೆ ಬುಟ್ಟಿಯಲ್ಲಿ ಕಂಡದ್ದು ನನ್ನ ನಡುಬೆರಳಿಗಿಂತ ಸಣ್ಣದು.

ಶುಕ್ರವಾರ, ಜುಲೈ 25

ಆರು ಗಂಟೆಗೆ ಭಾವನ ಕೂಗಿಗೆ ಎಚ್ಚರ. ಮಳೆ ನಿಂತಿತ್ತು. ಅಂಗಳದಲ್ಲಿ ಬಿಸಿಲು ಅಂತ ಹೇಳುವಂಥದಲ್ಲ, ಬೆಳಕು. ಏಳಕ್ಕೆ ಮದ್ದು ಬಿಡುವವ ಬಂದೇ ಬಿಟ್ಟ, ಹೆಗಲ ಮೇಲೆ ಫೈಬರ್ ದೋಟಿ. ಮೊದಲಾದರೆ ಮರ ಹತ್ತಬೇಕಿತ್ತು, ಒದ್ದೆ ಮರ ಅಂದರೆ ಜೀವಕ್ಕೆ ಅಪಾಯ. ಈಗ ನೆಲದ ಮೇಲೇ ನಿಂತು ಅರುವತ್ತು ಅಡಿ ಮೇಲಕ್ಕೆ ಹೊಡೆಯಬಹುದು.

ದ್ರಾವಣ ಮಾಡುವುದು ನೋಡಲು ಚಂದ. 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ನಮ್ಮದು 200 ಲೀಟರಿನ ಡ್ರಮ್, ಹಾಗಾಗಿ ಎರಡೆರಡು ಕಿಲೋ. ತುತ್ತನ್ನು ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಬಕೆಟ್ಟಿನ ನೀರಲ್ಲಿ ಇಳಿಬಿಟ್ಟಿದ್ದರು, ದಿನಾ ರಾತ್ರಿ ಹಾಗೆ ತಯಾರಾಗಿಯೇ ಮಲಗುತ್ತಾರಂತೆ. ಇನ್ನೊಂದು ಕಡೆ ಸುಣ್ಣದ ತಿಳಿ. ಇಬ್ಬರು ಎರಡೂ ಕಡೆಯಿಂದ ಒಟ್ಟಿಗೆ ಸುರಿಯಬೇಕು, ಒಬ್ಬ ಕೋಲಿನಲ್ಲಿ ತಿರುಗಿಸುತ್ತಿರಬೇಕು. ಆ ಕೋಲು ನನಗೆ ಸಿಕ್ಕಿತು. ನೀಲಿಯೂ ಬಿಳಿಯೂ ಕೂಡಿ ಆಕಾಶದ ಬಣ್ಣ ಬಂತು. ನಾಲ್ಕು ದಿನದಲ್ಲಿ ಆ ಬಣ್ಣ ನಾನು ನೋಡಿದ್ದು ಡ್ರಮ್ಮಿನಲ್ಲಿ ಮಾತ್ರ.

ಭಾವ ತಿಕ್ಕಿ ಹೊಳಪು ಮಾಡಿದ ಪೀಶಕತ್ತಿ ತಂದು ಅದರಲ್ಲಿ ಅದ್ದಿದರು. ನಿಧಾನ ತೆಗೆದು ಬೆಳಕಿಗೆ ಹಿಡಿದರು. ಅಲಗಿನ ಮೇಲೆ ತುಕ್ಕಿನ ಹಾಗೆ ಕೆಂಪು ಕೂತಿತ್ತು. ತಾಮ್ರ ಜಾಸ್ತಿ, ಕಾಯಿ ಸುಟ್ಟೀತು. ಇನ್ನೊಂದು ಮುಷ್ಟಿ ಸುಣ್ಣ ಬಿತ್ತು. ಮತ್ತೆ ತಿಕ್ಕಿ, ಮತ್ತೆ ಅದ್ದಿ, ಮತ್ತೆ ನೋಡಿ. ಅಲಗು ಬಿಳಿಯಾಗಿಯೇ ಬಂತು. "ಸರಿ" ಅಂದರು. ಗಂಟೆ ಎಂಟೂಮುಕ್ಕಾಲು.

ಮದ್ದು ಬಿಡುವಾಗ ನಾನು ಡ್ರೋನ್ ವಿಷಯ ಎತ್ತಿದೆ. ಈಗ ಅಡಿಕೆಗೂ ಡ್ರೋನಿನಲ್ಲಿ ಹೊಡೆಯುತ್ತಾರಲ್ಲ, ಒಂದೇ ದಿನದಲ್ಲಿ ಮುಗಿಯುತ್ತದಲ್ಲ ಅಂತ. ಅತ್ತೆ ಜಗಲಿಯಿಂದಲೇ "ಮೇಲಿಂದ ಬರುವ ಮದ್ದು ಈ ಮನೆಗೆ ಬೇಡ" ಅಂದರು. ಧ್ವನಿ ಗಟ್ಟಿಯಾಗಿತ್ತು. ಎದುರಿನ ಗುಡ್ಡಗಳಲ್ಲಿ ಗೇರು ತೋಟಕ್ಕೆ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದನ್ನು ಅವರು ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಡ್ರೋನು ಬೇರೆ, ಬೋರ್ಡೋ ಬೇರೆ ಅಂತ ನಾನು ವಿವರಿಸಬಹುದಿತ್ತು. ವಿವರಿಸಲಿಲ್ಲ.

ಇನ್ನೂರೈವತ್ತು ಮರ ಆಗುವಾಗ ಹನ್ನೊಂದೂವರೆ. ಬಾಯಾರಿನ ಕಡೆಯಿಂದ ಕಪ್ಪು ಏರಿ ಬಂತು. ಮೊದಲು ಗಾಳಿ, ಆಮೇಲೆ ಹನಿ, ಆಮೇಲೆ ಹನಿ ಅನ್ನುವ ಮಾತೇ ಇಲ್ಲ. ಹೊಡೆದ ಮದ್ದು ಒಣಗಿ ಅಂಟಲು ಒಂದೆರಡು ಗಂಟೆಯಾದರೂ ಬೇಕು. ಕೊನೆಯ ಐವತ್ತು ಮರಗಳದ್ದು ಕಣ್ಣೆದುರೇ ತೊಳೆದು ಕಾಂಡದ ಮೇಲೆ ನೀಲಿ ಗೆರೆಯಾಗಿ ಇಳಿಯಿತು.

ಎರಡನೇ ಡ್ರಮ್ಮಿನಲ್ಲಿ ಅರ್ಧ ಉಳಿದಿತ್ತು. ಬೋರ್ಡೋ ಅವತ್ತಿನದು ಅವತ್ತಿಗೇ, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು. ಮದ್ದು ಬಿಡುವವನೇ ಕೊಡಪಾನ ತೆಗೆದುಕೊಂಡು, ಕಾಳುಮೆಣಸಿನ ಬಳ್ಳಿಯ ಬುಡಕ್ಕೆ ಎರೆಯೋಣ, ಸೊರಗು ರೋಗಕ್ಕಾದರೂ ಆಗಲಿ ಅಂದ. ಮೂವರೂ ಮಳೆಯಲ್ಲಿ ನೆನೆಯುತ್ತಾ ಎರೆದೆವು. ಭಾವ ಅವನಿಗೆ ಪೂರ್ತಿ ದಿನದ ಕೂಲಿ ಕೊಡಲು ಹೋದರು. ಅವನು ಅರ್ಧವೇ ಸಾಕು ಅಂದ. ಸ್ವಲ್ಪ ಎಳೆದಾಟ ಆಯಿತು. ಕೊನೆಗೆ ಮುಕ್ಕಾಲಿಗೆ ಒಪ್ಪಿದ. ಅಷ್ಟರಲ್ಲಿ ಅತ್ತೆ ಅಟ್ಟದಿಂದ ಒಂದು ಸೌತೆಕಾಯಿ ಇಳಿಸಿ ತಂದು ಅವನ ಚೀಲಕ್ಕೆ ಹಾಕಿದರು. ನಾಳೆ ಬರಲಾರ, ಶೇಣಿಯಲ್ಲಿ ಬೇರೆಯವರಿಗೆ ಮಾತು ಕೊಟ್ಟಿದ್ದಾನೆ.

ಮೂರು ಗಂಟೆಯ ಬಸ್ಸಿಗೆ ಹೊರಟೆ. ಕಡ್ಡಿ ಮುರಿದ ಕೊಡೆಯನ್ನು ಈ ಸಲ ಮರೆಯಲಿಲ್ಲ. ಸಾರಡ್ಕದಲ್ಲಿ ಮೊಬೈಲು ಕುಯ್ ಅಂದಿತು. ವಿಟ್ಲ ಮುಟ್ಟುವಾಗ ಭಾವನ ಫೋನು.

"ಇಲ್ಲಿ ಈಗ ಬಿಸಿಲು ಮಾರಾಯ" ಅಂದರು. "ಒಳ್ಳೆ ಬಿಸಿಲು."